ಹಲಸಿನಮರದ ತಿರುವಿನಲ್ಲಿ ನಿಂತ ರ‍್ಯಾಲಿ

ಶೃಂಗೇರಿ ಕಡೆಯ ರಸ್ತೆಗೆ ಅನುಮತಿ ಕೊಡಲಾಗುವುದಿಲ್ಲ ಎಂದು ಪೊಲೀಸರು ತಿಳಿಸಿದಾಗ ರ‍್ಯಾಲಿಗೆ ಒಂದೇ ವಾರ ಉಳಿದಿತ್ತು. ಆ ವರ್ಷಗಳಲ್ಲಿ ಅಲ್ಲಿನ ಕಾಡುಗಳಲ್ಲಿ ನಕ್ಸಲರ ಹುಡುಕಾಟ ನಡೆದಿತ್ತು. ಸುತ್ತಲಿನ ಠಾಣೆಗಳ ಹೆಚ್ಚಿನ ಸಿಬ್ಬಂದಿ ಆ ಕಡೆಗೇ ಹೋಗಿದ್ದರು. ಕಾಡಿನಂಚಿನಲ್ಲಿ ಸಾವಿರಾರು ಜನ ಸೇರುವುದು ಅವರಿಗೆ ಬೇಡವಾಗಿತ್ತು. ಅವರದು ತಪ್ಪೆಂದು ನನಗೆ ಅನ್ನಿಸಲಿಲ್ಲ. ಆದರೆ ಎರಡು ಕಡೆ ಹಂಚಿಹೋಗಬೇಕಾಗಿದ್ದ ಜನ ಈಗ ಒಂದೇ ಕಡೆ ಬಂದು ನಿಲ್ಲುತ್ತಾರೆ ಎಂಬುದು ಅವತ್ತೇ ತಲೆಗೆ ಹೊಳೆದಿತ್ತು.

ನಾನಾಗ ಶಿವಮೊಗ್ಗದಲ್ಲಿ ಪವರ್ ಟಿಲ್ಲರ್, ಪಂಪ್‌ಸೆಟ್ ಮಾರುವ ಕಂಪನಿಯೊಂದರ ಜನರಲ್ ಮ್ಯಾನೇಜರ್. ಕಚೇರಿಯ ಹೊರಗೆ ಮೋಟಾರು ಕ್ರೀಡಾ ಸಂಸ್ಥೆಯ ಕಾರ್ಯದರ್ಶಿ. ಆ ವರ್ಷದ ರ‍್ಯಾಲಿಗೆ ನಮ್ಮ ಕಂಪನಿಯೇ ಪ್ರಾಯೋಜಕ, ನಾನೇ ಮುಖ್ಯಾಧಿಕಾರಿ. ಕಾರು ಬಿಡಬೇಕೋ ನಿಲ್ಲಿಸಬೇಕೋ ಎಂಬ ಕೊನೆಯ ಮಾತು ನನ್ನದು.

ರ‍್ಯಾಲಿ ನೋಡದವರಿಗೆ ಸ್ವಲ್ಪ ವಿವರಿಸಬೇಕು. ಇದರಲ್ಲಿ ಕಾರುಗಳು ಒಟ್ಟಿಗೆ ಓಡುವುದಿಲ್ಲ. ಬೇರೆ ವಾಹನಗಳನ್ನು ತಡೆದ ಮಣ್ಣಿನ ರಸ್ತೆಯಲ್ಲಿ, ಒಂದು ಹೋದ ಎರಡು ನಿಮಿಷಕ್ಕೆ ಇನ್ನೊಂದು ಹೊರಡುತ್ತದೆ. ಅಂಥ ಒಂದು ತುಂಡು ರಸ್ತೆಗೆ ಸ್ಟೇಜು ಎನ್ನುತ್ತೇವೆ. ಚಾಲಕನ ಪಕ್ಕ ಕೂತ ನ್ಯಾವಿಗೇಟರ್ ಮುಂದೆ ಬರುವ ತಿರುವುಗಳನ್ನು ಓದಿ ಹೇಳುತ್ತಿರುತ್ತಾನೆ. ಧೂಳಿನಲ್ಲಿ ಮುಂದಿನ ಕಾರು ಹಿಂದಿನವರಿಗೆ ಕಾಣುವುದಿಲ್ಲ. ಅದಕ್ಕೇ ಒಂದು ಕಾರು ಪಲ್ಟಿಯಾದರೆ ಅದರಲ್ಲಿದ್ದವರು ಮೊದಲು ಮಾಡಬೇಕಾದ ಕೆಲಸ, ಗಾಯವಾಗಿದ್ದರೂ ಸರಿ, ಬಂದ ದಾರಿಯಲ್ಲೇ ಹಿಂದಕ್ಕೆ ಓಡುವುದು. ಬರುತ್ತಿರುವ ಕಾರಿಗೆ ಕೆಂಪು ಬೋರ್ಡು ತೋರಿಸಿ ನಿಲ್ಲಿಸುವುದು. ಓಡದಿದ್ದರೆ ಎರಡನೇ ಕಾರು ಬಂದು ಅದೇ ಜಾಗಕ್ಕೆ ಬಡಿಯುತ್ತದೆ. ರ‍್ಯಾಲಿಯ ಹಿಂದಿನ ದಿನ ಚಾಲಕರನ್ನೆಲ್ಲ ಕೂರಿಸಿಕೊಂಡು ನಾನು ಈ ಮಾತನ್ನು ಹೇಳಿದ್ದೆ. ಮುಂದಿನ ಸಾಲಿನಲ್ಲಿ ಬಾಳೆಹೊನ್ನೂರಿನ ಹುಡುಗ ಕೂತಿದ್ದ, ಅಡಿಕೆ ವ್ಯಾಪಾರಿಯೊಬ್ಬರ ಮಗ. ಹೊಸ ಚಾಲಕ. ಅವನೊಬ್ಬನೇ ನಾನು ಹೇಳಿದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದುದನ್ನು ನೋಡಿ ಪಕ್ಕದವರು ನಗುತ್ತಿದ್ದರು.

ಸ್ಟೇಜು ಇದ್ದದ್ದು ಕೊಪ್ಪ ಮತ್ತು ನರಸಿಂಹರಾಜಪುರದ ನಡುವೆ. ಕಾಫಿ ಎಸ್ಟೇಟೊಂದರ ಒಳಗೆ ಶುರುವಾಗಿ ಪಂಚಾಯಿತಿಯ ಮಣ್ಣು ರಸ್ತೆಗೆ ಸೇರಿ ಒಂದು ಹಳ್ಳಿಯ ಪಕ್ಕದಲ್ಲಿ ಹಾದುಹೋಗುತ್ತಿತ್ತು. ಕಾಫಿ ಕೊಯ್ಲು ಮುಗಿದು, ಹೂಮಳೆ ಇನ್ನೂ ಬಾರದ ಫೆಬ್ರವರಿ. ರಸ್ತೆಯ ಮೇಲೆ ಗೋಧಿಹಿಟ್ಟಿನಂಥ ಧೂಳು. ಹಳ್ಳಿ ಬರುವ ಮುಂಚೆ ಒಂದು ಇಳಿಜಾರು, ಇಳಿಜಾರಿನ ಕೊನೆಗೆ ಹಲಸಿನಮರವನ್ನು ಬಲಕ್ಕೆ ಬಿಟ್ಟು ಎಡಕ್ಕೆ ಹೊರಳುವ ತಿರುವು. ನಮ್ಮ ನಕ್ಷೆಯಲ್ಲಿ ಅದಕ್ಕೆ ಕೆಂಪು ಗುರುತು ಹಾಕಿದ್ದೆವು. ಒಳಗಡೆ ರಸ್ತೆಗಾಗಿ ಮಣ್ಣು ಕಡಿದ ಎತ್ತರದ ದರೆ ಇತ್ತು, ನೋಡುವವರು ಅದರ ಮೇಲೆ ನಿಲ್ಲಬಹುದು. ಹೊರಗಡೆಗೆ ಟೇಪು ಕಟ್ಟಿಸಿದ್ದೆ.

ಬೆಳಿಗ್ಗೆ ರಸ್ತೆ ಪರೀಕ್ಷಿಸಲು ಎಲ್ಲಕ್ಕಿಂತ ಮೊದಲು ಹೋಗುವ ಜೀಪಿನಲ್ಲಿ ನಾನೇ ಹೋದೆ. ಟೇಪು ಹರಿದು ಬಿದ್ದಿತ್ತು. ಹೊರಗಡೆ ಜನ ಕಿಕ್ಕಿರಿದಿದ್ದರು. ಹೆಂಗಸರು, ಮಕ್ಕಳು, ಕೊಡೆ ಹಿಡಿದ ಮುದುಕರು. ಇಳಿದು ಹೋಗಿ ಜಾಗ ಬಿಡಿ ಎಂದೆ. ಯಾರೂ ಅಲ್ಲಾಡಲಿಲ್ಲ. ಎತ್ತರದ ಆಳೊಬ್ಬ ಮುಂದೆ ಬಂದ. ಎಸ್ಟೇಟಿನ ಲಾರಿ ಓಡಿಸುವವನು ಎಂದು ಆಮೇಲೆ ತಿಳಿಯಿತು.

"ಮೇಡಮ್ಮೋರೆ, ಇದು ನಮ್ಮೂರ ರಸ್ತೆ. ದಿನಾ ಓಡಾಡ್ತೀವಿ. ನಾವು ಎಲ್ಲಿ ನಿಲ್ಬೇಕು ಅಂತ ನೀವು ಹೇಳದಾ?"

"ಇವತ್ತೊಂದು ದಿನ ನಾನು ಹೇಳ್ಬೇಕು," ಎಂದೆ. "ನೀವು ಲಾರಿ, ಜೀಪು ಓಡಿಸಿದವರ ಹಾಗೆ ಕಾಣ್ತೀರಿ. ಇಳಿಜಾರಲ್ಲಿ ಗಾಡಿ ಜಾರಿದ್ರೆ ಯಾವ ಕಡೆ ಬರ್ತದೆ?"

ಅವನು ರಸ್ತೆ ನೋಡಿದ, ಜನರನ್ನು ನೋಡಿದ. "ಹೌದಲ್ಲ ಮಾರಾಯ್ರೆ," ಎಂದವನೇ ತಿರುಗಿ ಕೂಗಿದ. "ಏ, ಎಲ್ಲಾ ದರೆ ಹತ್ರಾ! ಹೆಂಗಸ್ರು ಮಕ್ಕಳು ಮೊದಲು!" ಅವನ ಮಾತಿಗೆ ಜನ ಎದ್ದರು. ತಮ್ಮನನ್ನು ಕರೆದು ಅವನ ಕೈಯಲ್ಲೇ ಹೊಸ ಹಗ್ಗ ಕಟ್ಟಿಸಿದ. ತಮ್ಮ ವಯರಿಂಗ್ ಕೆಲಸದವನು, ಹಗ್ಗವನ್ನು ಅಚ್ಚುಕಟ್ಟಾಗಿ ಗಂಟು ಹಾಕಿದ. ಬೆಳಗಿನ ಸುತ್ತು ಏನೂ ತೊಂದರೆಯಿಲ್ಲದೆ ಮುಗಿಯಿತು.

ಶೃಂಗೇರಿಯ ಸ್ಟೇಜು ತಪ್ಪಿದ್ದರಿಂದ ಇದೇ ರಸ್ತೆಯಲ್ಲಿ ಮಧ್ಯಾಹ್ನ ಇನ್ನೊಮ್ಮೆ ಓಡಬೇಕಾಗಿತ್ತು. ದರೆಯ ಮೇಲೆ ನೆರಳಿರಲಿಲ್ಲ. ಬಿಸಿಲು ಏರಿದಂತೆ ಜನ ಒಬ್ಬೊಬ್ಬರಾಗಿ ಕೆಳಗಿಳಿದು ಮರದ ನೆರಳಿಗೆ, ಎಂದರೆ ತಿರುವಿನ ಹೊರಗಡೆಗೆ, ಬಂದುಬಿಟ್ಟಿದ್ದರು. ಅಲ್ಲಿದ್ದ ಸ್ವಯಂಸೇವಕ ಇದನ್ನು ವೈರ್‌ಲೆಸ್‌ನಲ್ಲಿ ಹೇಳಲು ನೋಡಿದ್ದಾನೆ. ಮಧ್ಯದ ಗುಡ್ಡ ಅಡ್ಡ ಬಂದು ಮಾತು ತುಂಡಾಗಿದೆ. ಆ ಹೊತ್ತಿಗೆ ಮೊದಲ ಕಾರುಗಳು ಹೊರಟಾಗಿತ್ತು.

ನಾನು ಎಸ್ಟೇಟಿನ ಕಾಫಿ ಒಣಗಿಸುವ ಕಣದಲ್ಲಿದ್ದೆ. ಕಾರುಗಳನ್ನು ಬಿಡುತ್ತಿದ್ದದ್ದು ಅಲ್ಲಿಂದ. ವೈರ್‌ಲೆಸ್ ಗೊರಗೊರ ಎಂದು, ಆಮೇಲೆ ಒಂದೇ ಸಲ ಸ್ಪಷ್ಟವಾಗಿ ಕೇಳಿಸಿತು. "ಹಲಸಿನಮರ. ಕಾರು ಜನರ ಮೇಲೆ ಹೋಗಿದೆ. ಕೆಂಪು ಬಾವುಟ. ಹೊಡೀತಿದಾರೆ, ಹೊಡೀತಿದಾರೆ!"

ಗೆರೆಯ ಮೇಲೆ ನಿಂತಿದ್ದ ಕಾರನ್ನು ತಡೆದೆ. ಹೊತ್ತಿನ ಲೆಕ್ಕದಲ್ಲಿ ಬಿದ್ದದ್ದು ಬಾಳೆಹೊನ್ನೂರಿನ ಹುಡುಗನ ಕಾರು, ಅವನ ಹಿಂದೆ ಇನ್ನೊಂದು ಕಾರು ಹೊರಟುಹೋಗಿತ್ತು. ಅದು ಎಲ್ಲಿದೆ, ನಿಂತಿದೆಯೋ ಇಲ್ಲವೋ ಗೊತ್ತಿರಲಿಲ್ಲ. ಗೊತ್ತಾಗುವವರೆಗೆ ಆಂಬುಲೆನ್ಸನ್ನು ಒಳಗೆ ಬಿಡಬಾರದು, ಮುಖ್ಯಾಧಿಕಾರಿ ತನ್ನ ಜಾಗ ಬಿಟ್ಟು ಕದಲಬಾರದು. ಇವೆರಡೂ ನಿಯಮಗಳು. ನನ್ನ ಉಪಾಧಿಕಾರಿ ಅದನ್ನೇ ಹೇಳಿದರು. "ನೀವು ಹೋಗುವ ಹಾಗಿಲ್ಲ ಮೇಡಂ. ಇಲ್ಲಿ ಯಾರು ನಿರ್ಧಾರ ಮಾಡೋದು?"

"ಇನ್ನು ನೀವೇ ಮಾಡಿ," ಎಂದು ಹೆಡ್‌ಫೋನ್ ಅವರ ಕೈಗೆ ಕೊಟ್ಟು ಆಂಬುಲೆನ್ಸಿನಲ್ಲಿ ಡಾಕ್ಟರ ಪಕ್ಕ ಹತ್ತಿದೆ.

ಇಳಿಜಾರಿನ ತಲೆಯಲ್ಲಿ ಆ ಹಿಂದಿನ ಕಾರು ರಸ್ತೆಗೆ ಅಡ್ಡವಾಗಿ ನಿಂತಿತ್ತು. ಬ್ರೇಕು ಒತ್ತಿದ ಗುರುತು ಮಣ್ಣಿನಲ್ಲಿ ಉದ್ದಕ್ಕೆ ಎದ್ದಿತ್ತು. ಒಳಗಿದ್ದ ಇಬ್ಬರೂ ಗಾಜು ಏರಿಸಿ, ಬಾಗಿಲು ಭದ್ರ ಮಾಡಿಕೊಂಡು ಕೂತಿದ್ದರು. ಅವರ ಕಾರಿನ ಮೂತಿಗೆ ನಾಲ್ಕು ಮಾರು ದೂರದಲ್ಲಿ, ರಸ್ತೆಯ ನಡುಮಧ್ಯೆ, ಗಂಡಸರ ಒಂದು ಗುಂಪು ಬಗ್ಗಿಕೊಂಡಿತ್ತು.

ಕೆಳಗೆ, ಮರದ ಬುಡದಲ್ಲಿ, ಕಾರು ಮಗ್ಗುಲಾಗಿ ಬಿದ್ದಿತ್ತು. ಅದರಾಚೆ ಎತ್ತರದ ಆಳಿನ ತಮ್ಮ ಅಂಗಾತ ಮಲಗಿದ್ದ. ಒಂದು ಕಾಲು ತೊಡೆಯಿಂದ ಕೆಳಗೆ ಬೇರೆ ದಿಕ್ಕಿಗೆ ತಿರುಗಿತ್ತು. ರಕ್ತ ಧೂಳಿನಲ್ಲಿ ಕಪ್ಪಗೆ ಹರಡುತ್ತಿತ್ತು. ಒಬ್ಬಳು ಹೆಂಗಸು ತನ್ನ ಸೆರಗನ್ನು ಉಂಡೆ ಮಾಡಿ ಗಾಯಕ್ಕೆ ಒತ್ತಿ ಹಿಡಿದಿದ್ದಳು. ಡಾಕ್ಟರು ಅತ್ತ ಓಡಿದರು. ನಾನು ಗುಂಪಿನ ಕಡೆ ಹೋದೆ.

ಹುಡುಗ ಮಣ್ಣಿನಲ್ಲಿ ಮುದುಡಿ ಬಿದ್ದಿದ್ದ. ಹೆಲ್ಮೆಟ್ ಕಿತ್ತು ಎಸೆದಿದ್ದರು. ಎರಡೂ ಕೈಗಳಿಂದ ತಲೆ ಮುಚ್ಚಿಕೊಂಡಿದ್ದ. ಗೀಟಿನ ಅಂಗಿಯವನೊಬ್ಬ ಬೇಲಿಯ ಗೂಟದಿಂದ ಬೆನ್ನಿಗೆ ಬಾರಿಸುತ್ತಿದ್ದ. ಇನ್ನೊಬ್ಬ ಬೂಟುಗಾಲಿನಿಂದ ಹೊಟ್ಟೆಗೆ ಒದೆಯುತ್ತಿದ್ದ. ಎತ್ತರದ ಆಳಿನ ಕೈಯಲ್ಲಿ ಕಾರಿನ ಜಾಕಿನ ಕಬ್ಬಿಣದ ಸಲಾಕೆ ಇತ್ತು. ಅವನು ಅದನ್ನು ಎರಡೂ ಕೈಯಲ್ಲಿ ಎತ್ತಿ ಹುಡುಗನ ಪಕ್ಕೆಗೆ ಹೊಡೆದದ್ದನ್ನು ನಾನು ಕಂಡೆ. ಒದ್ದೆ ಗೋಣಿಚೀಲಕ್ಕೆ ಬಡಿದಂಥ ಶಬ್ದ. ಮತ್ತೆ ಎತ್ತಿದ, ಮತ್ತೆ ಹೊಡೆದ. ಹುಡುಗ ಕೂಗಲಿಲ್ಲ. ಪ್ರತಿ ಏಟಿಗೂ ಬಾಯಿಂದ ಗಾಳಿ ಮಾತ್ರ ಹೊರಬರುತ್ತಿತ್ತು.

"ಮುಗಿಸ್ರಾ ಅವನನ್ನ! ಗುದ್ದಿ ಓಡಿಹೋಗ್ತಾನಂತೆ!"

ಪೊಲೀಸರು ಆ ತಿರುವಿಗೆ ಕೊಡಲು ಸಾಧ್ಯವಾಗಿದ್ದದ್ದು ಒಬ್ಬ ಪೇದೆಯನ್ನು. ಅವನ ತುಟಿ ಒಡೆದಿತ್ತು, ಟೋಪಿ ಎಲ್ಲಿಯೋ ಹೋಗಿತ್ತು. ನ್ಯಾವಿಗೇಟರನನ್ನು ಎಳೆದು ಚರಂಡಿಯಾಚೆ ಕೂರಿಸಿ ಅವನ ಮುಂದೆ ಅಡ್ಡ ನಿಂತಿದ್ದ. ಇಬ್ಬರನ್ನು ಕಾಯುವುದು ಅವನಿಂದ ಆಗುತ್ತಿರಲಿಲ್ಲ.

ಕೂಗಿದೆ. ಯಾರಿಗೂ ಕೇಳಲಿಲ್ಲ. ಕಾಲುಗಳ ನಡುವೆ ನುಗ್ಗಿ ಹುಡುಗನ ಮೇಲೆ ಅಡ್ಡ ಬಿದ್ದೆ. ಕೆಳಗಿಳಿಯುತ್ತಿದ್ದ ಗೂಟ ನನ್ನ ಎಡಗೈಯ ಮಣಿಕಟ್ಟಿಗೆ ಬಿತ್ತು. ಮೂಳೆ ಲಟಕ್ಕೆಂದದ್ದು ನನಗೇ ಕೇಳಿಸಿತು. ಬೆನ್ನಿಗೆ ಒಂದು ಒದೆ, ಕಿವಿಯ ಮೇಲೆ ಒಂದು ಏಟು. ಆಗ ಯಾರೋ ಅರಚಿದರು, "ಹೆಂಗಸು ಕಣ್ರಾ! ಹೆಂಗಸಿಗೆ ಹೊಡೀತಿದೀರಿ!"

ಹೊಡೆತ ನಿಂತಿತು. ಎದ್ದು ಕೂತೆ. ಬಾಯಿತುಂಬ ಮಣ್ಣು.

"ಈ ರ‍್ಯಾಲಿ ಮಾಡಿಸಿದ್ದು ನಾನು," ಎಂದೆ. "ಕೇಳೋದಿದ್ರೆ ನನ್ನನ್ನು ಕೇಳಿ. ಇವನನ್ನು ಬಿಡಿ."

"ನಿಮ್ದು ಯಾವೂರು?" ಎಂದ ಗೀಟಿನ ಅಂಗಿಯವನು.

"ಮೇಗುಂದದ ಕಡೆಯವಳು."

"ನಮ್ಮ ಸೀಮೆಯವಳಾಗಿ ನಮ್ಮ ಮೇಲೇ ಕಾರು ಹಾಯಿಸೋಕೆ ಬಂದ್ಯಾ?" ಎಂದು ನನ್ನ ಮುಖಕ್ಕೆ ಉಗಿದ.

ಅಷ್ಟರಲ್ಲಿ ಕೆಳಗಿನಿಂದ ಧಗ್ ಎಂದು ಸದ್ದಾಯಿತು. ಬಿದ್ದಿದ್ದ ಕಾರಿನಿಂದ ಸೋರುತ್ತಿದ್ದ ಪೆಟ್ರೋಲಿಗೆ ಯಾರೋ ಕಡ್ಡಿ ಗೀರಿದ್ದರು. ಬೆಂಕಿ ಹಲಸಿನಮರದ ಕೆಳಗೊಂಬೆಯವರೆಗೆ ಎದ್ದಿತು. ಟೈರು ಸುಡುವ ಕರಿಹೊಗೆ ರಸ್ತೆಗೆ ಕವಿಯಿತು. ಗಾಯಾಳುವನ್ನು ಸ್ಟ್ರೆಚರಿನಲ್ಲಿ ಎತ್ತಿಕೊಂಡು ಬಂದ ಡಾಕ್ಟರು ಹುಡುಗನ ಪಕ್ಕ ಮೊಣಕಾಲೂರಿ ಹೊಟ್ಟೆ ಒತ್ತಿ ನೋಡಿದರು.

"ಒಳಗೆ ರಕ್ತ ಹೋಗ್ತಿದೆ," ಎಂದು ನನಗೆ ಮಾತ್ರ ಕೇಳುವಂತೆ ಹೇಳಿದರು. "ಇಬ್ಬರನ್ನೂ ಈಗಲೇ ಒಯ್ಯಬೇಕು. ಒಟ್ಟಿಗೆ ಮಲಗಿಸಬಹುದು."

ಹುಡುಗನನ್ನೂ ಒಯ್ಯುತ್ತಾರೆ ಎಂದು ಗುಂಪಿಗೆ ಅರ್ಥವಾಯಿತು. "ಅವನನ್ನ ಹತ್ತಿಸಿದ್ರೆ ಈ ಗಾಡಿಗೂ ಬೆಂಕಿ ಇಡ್ತೀವಿ," ಎಂದು ಒಬ್ಬ ಆಂಬುಲೆನ್ಸಿನ ಗಾಜಿಗೆ ಕಲ್ಲು ಬೀಸಿದ. ಗಾಜು ಬಿರುಕು ಬಿಟ್ಟಿತು. ಚಾಲಕ ಸ್ಟೇರಿಂಗಿನ ಕೆಳಗೆ ತಲೆ ತಗ್ಗಿಸಿದ.

ಡಾಕ್ಟರು ನನ್ನ ಮುಖ ನೋಡಿದರು. "ನೀವು ಹೇಳಿ."

ವಾದ ಮಾಡುತ್ತ ನಿಂತರೆ ತೊಡೆಯ ರಕ್ತ ನಿಲ್ಲುವುದಿಲ್ಲ. ಆಂಬುಲೆನ್ಸು ಸುಟ್ಟರೆ ಇಬ್ಬರಿಗೂ ಇಲ್ಲ. "ಇವರನ್ನು ಕರಕೊಂಡು ಹೊರಡಿ," ಎಂದು ಸ್ಟ್ರೆಚರಿನ ಕಡೆ ಕೈತೋರಿಸಿದೆ. ಆ ನಿರ್ಧಾರ ನನ್ನದು. ಬೇರೆಯವರ ಮೇಲೆ ಹಾಕುವಂಥದ್ದಲ್ಲ. ಆಂಬುಲೆನ್ಸು ತಮ್ಮನನ್ನೂ ಡಾಕ್ಟರನ್ನೂ ಹೊತ್ತು ಕೊಪ್ಪದ ಕಡೆ ಹೋಯಿತು.

ಇನ್ನು ಉಳಿದದ್ದು ಸ್ವಯಂಸೇವಕನ ಜೀಪು. ಹುಡುಗನನ್ನು ಅದಕ್ಕೆ ಹತ್ತಿಸಲು ಬಗ್ಗಿದೆ. ಎತ್ತರದ ಆಳು ಸಲಾಕೆ ಅಡ್ಡ ಹಿಡಿದ. ಅವನ ಅಂಗಿಯ ಮೇಲೆ ತಮ್ಮನ ರಕ್ತ.

"ಅವ ಎಲ್ಲಿಗೂ ಹೋಗದಿಲ್ಲ. ನನ್ ತಮ್ಮ ಉಳಿದ ಅಂತ ಸುದ್ದಿ ಬರ್ಲಿ. ಆಮೇಲೆ ನೋಡಾಣ."

"ಅವನ ಬದಲು ನಾನು ಕೂರ್ತೀನಿ."

"ನೀವು ಕೂತು ಎಂತ ಮಾಡದು? ನೀವೇನು ಗುದ್ದಿ ಓಡ್ಲಿಲ್ಲ. ಇವ ಓಡಿದ. ಕಾರಿಂದ ಹೊರಗೆ ಬಂದವನೇ ನನ್ ತಮ್ಮನ ಕಡೆ ತಿರುಗಿ ಸೈತ ನೋಡ್ದೆ ಓಡಿದ. ಅಟ್ಟಿಸಿಕೊಂಡು ಬಂದು ಹಿಡಿದದ್ದು ನಾವು."

ಆಗ ನನಗೆ ತಿಳಿಯಿತು. ಸುತ್ತ ನೋಡಿದೆ. ಕಾಲುಗಳ ಕೆಳಗೆ, ತುಳಿದು ಮಡಿಸಿಹೋಗಿದ್ದ ಕೆಂಪು ಬೋರ್ಡು ಬಿದ್ದಿತ್ತು. ಬಲಗೈಯಲ್ಲಿ ಅದನ್ನು ಎತ್ತಿ ಹಿಡಿದೆ.

"ಓಡಿದ್ದು ಯಾವ ಕಡೆಗೆ? ಊರಾಚೆ ಓಡಿದನಾ? ಕಾಡಿನೊಳಗೆ ಓಡಿದನಾ? ಏರು ಹತ್ತಿಕೊಂಡು, ಕಾರು ಬರೋ ದಾರಿಗೆ ಎದುರಾಗಿ ಓಡಿದಾನೆ. ತಪ್ಪಿಸಿಕೊಳ್ಳೋನು ಹಾಗೆ ಓಡ್ತಾನಾ? ಹಿಂದಿನ ಕಾರು ನಿಲ್ಲಿಸೋಕೆ ಓಡಿದ್ದು. ಹಾಗೆ ಓಡಬೇಕು ಅಂತ ಹೇಳಿಕೊಟ್ಟವಳು ನಾನು."

ಅಡ್ಡ ನಿಂತಿದ್ದ ಕಾರಿನ ಗಾಜು ಸ್ವಲ್ಪ ಇಳಿಯಿತು. ಒಳಗಿನ ನ್ಯಾವಿಗೇಟರ್, "ಹೌದು ಸ್ವಾಮಿ," ಎಂದ. "ಧೂಳಲ್ಲಿ ನಮಗೆ ಏನೂ ಕಾಣ್ತಿರಲಿಲ್ಲ. ಇವನು ಬೋರ್ಡು ಹಿಡಿದು ರಸ್ತೆ ಮಧ್ಯ ನಿಂತ. ಇಲ್ಲದಿದ್ರೆ ನಾವು ನಿಮ್ಮೆಲ್ಲರ ಮೇಲೇ ಬರ್ತಿದ್ವಿ."

ಎತ್ತರದ ಆಳು ಮಣ್ಣಿನ ಮೇಲಿನ ಬ್ರೇಕಿನ ಗುರುತನ್ನು ನೋಡಿದ. ಅವನು ಡ್ರೈವರು. ಯಾರೂ ಅವನಿಗೆ ಅದನ್ನು ಓದಿ ಹೇಳಬೇಕಾಗಿರಲಿಲ್ಲ. ಗುರುತಿನ ಉದ್ದಕ್ಕೂ ಕಣ್ಣು ಹಾಯಿಸಿ, ಅದು ಕೊನೆಯಾದಲ್ಲಿಂದ ಮರದವರೆಗೆ ನೋಡಿದ.

"ಕರಕೊಂಡು ಹೋಗ್ರಿ," ಎಂದ. "ಮೇಡಂ ಇಲ್ಲೇ ಇರ್ತಾರೆ."

ಗೀಟಿನ ಅಂಗಿಯವನು ಆಗದು ಎಂದು ಮುಂದೆ ಬಂದ. ಎತ್ತರದ ಆಳು ಅವನ ಎದೆಗೆ ಸಲಾಕೆ ಒತ್ತಿ ಹಿಂದಕ್ಕೆ ತಳ್ಳಿದ. ಪೇದೆಯೂ ನಾನೂ ಸೇರಿ ಹುಡುಗನನ್ನು ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿಸಿದೆವು. ನ್ಯಾವಿಗೇಟರ್ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಹುಡುಗನ ತುಟಿ ಬೆಳ್ಳಗಾಗಿತ್ತು. ನನ್ನನ್ನು ಗುರುತು ಹಿಡಿದ.

"ಹಿಂದಿನ ಗಾಡಿ ನಿಂತಿತಾ ಮೇಡಂ?"

"ನಿಂತಿತು. ನೀನು ಸರಿಯಾಗಿ ನಿಲ್ಲಿಸಿದೆ."

ಪೇದೆಯೂ ಹತ್ತಿದ, ಸ್ವಯಂಸೇವಕ ಜೀಪು ಹೊರಡಿಸಿದ.

ಬಸ್ಸು ನಿಲ್ಲುವಲ್ಲಿ ಒಂದು ಅಂಗಡಿ ಇತ್ತು. ಅಲ್ಲಿ ಕಾಯಿನ್ ಫೋನ್. ಮೊಬೈಲಿಗೆ ಆ ಹಳ್ಳಿಯಲ್ಲಿ ಸಿಗ್ನಲ್ ಇರಲಿಲ್ಲ. ಆಸ್ಪತ್ರೆಯಿಂದ ಕರೆ ಬಂದರೆ ಅಲ್ಲಿಗೇ ಬರಬೇಕು ಎಂದು ನಂಬರನ್ನು ಜೀಪಿನವರ ಕೈಯಲ್ಲಿ ಕಳಿಸಿದ್ದೆ. ನನ್ನನ್ನು ಒಳಗೆ ಸಕ್ಕರೆ ಚೀಲದ ಮೇಲೆ ಕೂರಿಸಿದರು. ಅಂಗಡಿಯ ಹೆಂಗಸು ಅಡಿಕೆ ದಬ್ಬೆಯ ಎರಡು ಸೀಳು ಇಟ್ಟು ನನ್ನ ಕೈಯನ್ನು ಟವಲಿನಿಂದ ಬಿಗಿದು ಕಟ್ಟಿದಳು. ನಾನು ಹಲ್ಲು ಕಚ್ಚಿದ್ದನ್ನು ನೋಡಿ, "ಕೂಗಿಬಿಡಿ ಅಮ್ಮ, ಇಲ್ಲಿ ಯಾರು ನಗ್ತಾರೆ," ಎಂದಳು.

ಹೊರಗೆ ಜನ ಹೆಚ್ಚುತ್ತಿದ್ದರು. ಅವರಲ್ಲಿ ಎಲ್ಲರೂ ತಿರುವಿನಲ್ಲಿ ಇದ್ದವರಲ್ಲ. ಸುದ್ದಿ ಕೇಳಿ ಬಂದವರು ಹೆಚ್ಚು ಕೂಗುತ್ತಿದ್ದರು. ಅವಳನ್ನು ಹೊರಗೆ ತನ್ನಿ ಎಂದರು. ಮಾಡಿನ ಮೇಲೆ ಕಲ್ಲು ಬಿದ್ದು ಎರಡು ಹೆಂಚು ಒಡೆದು ಒಳಗೆ ಉದುರಿತು. ಒಬ್ಬ ಯುವಕ ಕತ್ತಿ ಹಿಡಿದು ಒಳನುಗ್ಗಿದ. ಬಾಗಿಲಲ್ಲಿ ಮೆಟ್ಟಿಲ ಮೇಲೆ ಕೂತಿದ್ದ ಎತ್ತರದ ಆಳು ಕೂತಲ್ಲಿಂದಲೇ ಅವನ ಮೊಣಕಾಲಿಗೆ ಸಲಾಕೆಯಿಂದ ಬೀಸಿದ. ಯುವಕ ಕುಂಟುತ್ತ ಹೊರಗೆ ಓಡಿದ. "ಫೋನು ಬರೋ ತನಕ ಇವ್ರನ್ನ ಯಾರೂ ಮುಟ್ಟೋ ಹಾಗಿಲ್ಲ," ಎಂದ. ಫೋನು ಬಂದ ಮೇಲೆ ಏನು ಎಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಎಷ್ಟು ಹೊತ್ತು ಕೂತಿದ್ದೆನೋ ಸರಿಯಾಗಿ ನೆನಪಿಲ್ಲ. ಬಾಗಿಲಿನ ಬಿಸಿಲು ಹೊಸ್ತಿಲಿನಿಂದ ಅಕ್ಕಿ ಡಬ್ಬದವರೆಗೆ ಬಂದಿತ್ತು. ಫೋನು ರಿಂಗಾಯಿತು. ಹೊರಗಿನ ಗಲಾಟೆ ತಟ್ಟನೆ ನಿಂತಿತು. ಅಂಗಡಿಯ ಹೆಂಗಸು ರಿಸೀವರನ್ನು ನನ್ನ ಕಿವಿಗೆ ಹಿಡಿದಳು.

ಡಾಕ್ಟರ ದನಿ. "ನಿಮ್ಮ ಗಾಯಾಳು ಉಳಿದಿದ್ದಾರೆ. ರಕ್ತ ಕೊಟ್ಟು ಶಿವಮೊಗ್ಗಕ್ಕೆ ಕಳಿಸಿದ್ದೇವೆ. ಕಾಲು ಉಳಿಯೋದು ಕಷ್ಟ. ಜೀವಕ್ಕೆ ಅಪಾಯ ಇಲ್ಲ." ಆಮೇಲೆ ದನಿ ತಗ್ಗಿಸಿದರು. "ಆ ಹುಡುಗ ಬರುವಾಗಲೇ ನಾಡಿ ಇರಲಿಲ್ಲ. ಹೊಟ್ಟೆಯೊಳಗೆ ಗುಲ್ಮ ಒಡೆದಿತ್ತು. ಎಷ್ಟು ಪ್ರಯತ್ನಪಟ್ಟರೂ ಆಗಲಿಲ್ಲ."

ಹೆಂಗಸು ರಿಸೀವರನ್ನು ಇಟ್ಟಳು. ಬಾಗಿಲ ತುಂಬ ಮುಖಗಳು.

"ನಿಮ್ಮ ತಮ್ಮ ಉಳಿದರು," ಎಂದೆ.

ಎತ್ತರದ ಆಳು ಸಲಾಕೆ ಬಿಟ್ಟು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಹೊರಗೆ ಯಾರೋ ಸಿಳ್ಳೆ ಹಾಕಿದರು. ಕತ್ತಿ ಹಿಡಿದು ಬಂದವನು ಸೋಡ ಒಡೆದು ನನ್ನ ಕೈಗೆ ಕೊಟ್ಟ. ಗೀಟಿನ ಅಂಗಿಯವನು ಬಂದು, "ಬೇಜಾರು ಮಾಡ್ಕೋಬೇಡಿ ಮೇಡಂ, ಸಿಟ್ಟಲ್ಲಿ ಆಗಿಹೋಯ್ತು. ನಿಮ್ಮನ್ನ ಕೊಪ್ಪಕ್ಕೆ ನಾನೇ ಬಿಟ್ಟು ಬರ್ತೀನಿ," ಎಂದ. ಬೈಕು ಸ್ಟಾರ್ಟ್ ಮಾಡಿಯೂ ಬಿಟ್ಟ.

ನಾನು ಎದ್ದು ಹೋಗಬಹುದಾಗಿತ್ತು. ಪೊಲೀಸರು ಇನ್ನೂ ಬಂದಿರಲಿಲ್ಲ. ಆ ಹಳ್ಳಿಯಿಂದ ಹೊರಗೆ ಬಿದ್ದ ಮೇಲೆ ಹೇಳುವುದೇ ಜಾಣತನ ಎಂದು ಆಮೇಲೆ ಎಲ್ಲರೂ ನನಗೆ ಬುದ್ಧಿ ಹೇಳಿದರು. ಹಾಗೇ ಮಾಡುತ್ತಿದ್ದೆನೋ ಏನೋ. ಎದ್ದು ನಿಂತಿದ್ದೆ ಕೂಡ. ಎತ್ತರದ ಆಳು ಮುಖದಿಂದ ಕೈ ತೆಗೆದ.

"ಆ ಹುಡುಗ ಹ್ಯಾಂಗಿದಾನೆ?"

ಅಷ್ಟು ಜನರಲ್ಲಿ ಕೇಳಿದವನು ಅವನೊಬ್ಬನೇ.

"ಹೋದ," ಎಂದೆ.

ಗೀಟಿನ ಅಂಗಿಯವನು ನನ್ನನ್ನೇ ನೋಡುತ್ತ ಹಿಂದೆ ಹಿಂದೆ ಸರಿದ, ಬೈಕು ತಿರುಗಿಸಿ ಹೋಗಿಬಿಟ್ಟ. ಉಳಿದವರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಯಾರೋ ಗೂಟವನ್ನು ಚರಂಡಿಗೆ ಎಸೆದರು. ತೋಟದ ಕಡೆ, ಗದ್ದೆಯ ಕಡೆ, ರಸ್ತೆಯಾಚೆ ಕರಗಿಹೋದರು. ನೋಡನೋಡುತ್ತ ಅಂಗಡಿಯ ಮುಂದೆ ಕಲ್ಲು, ಚಪ್ಪಲಿ, ಒಡೆದ ಹೆಂಚು ಬಿಟ್ಟರೆ ಏನೂ ಉಳಿಯಲಿಲ್ಲ.

ಎತ್ತರದ ಆಳು ಎದ್ದು ಒಳಗೆ ಬಂದ. ಸಲಾಕೆ ಮತ್ತೆ ಅವನ ಕೈಯಲ್ಲಿತ್ತು. ಅಂಗಡಿಯ ಹೆಂಗಸು ನನ್ನ ಮುಂದೆ ಬಂದು ನಿಂತಳು.

"ನೀವು ನೋಡಿದೀರಾ? ಹೊಡೆದದ್ದು?"

"ನೋಡಿದೀನಿ."

"ನನ್ನ?"

"ನೋಡಿದೀನಿ."

ಇಲ್ಲ ಎನ್ನಲು ಬಾಯಿ ಬರಲಿಲ್ಲ. ಅವನು ಒಂದು ಹೆಜ್ಜೆ ಮುಂದೆ ಬಂದ. ನನ್ನ ತಲೆ ಅವನ ಕೈಗೆ ಎಟುಕುವಷ್ಟು ಹತ್ತಿರವಿತ್ತು. ಅವನ ಬೆರಳುಗಳು ಸಲಾಕೆಯ ಮೇಲೆ ಬಿಗಿದು ಸಡಿಲವಾಗಿ ಮತ್ತೆ ಬಿಗಿದವು. ಆಮೇಲೆ ಅದನ್ನು ತಕ್ಕಡಿಯ ಪಕ್ಕ ಇಟ್ಟ. ಇಟ್ಟಾಗ ತಕ್ಕಡಿಯ ತಟ್ಟೆ ಕಿಣಿಕಿಣಿ ಎಂದಿತು. ಹಿಂದಕ್ಕೆ ಹೋಗಿ ಮೆಟ್ಟಿಲ ಮೇಲೆ ಕೂತ. ಶೃಂಗೇರಿ ಕಡೆಯಿಂದ ಪೊಲೀಸ್ ವ್ಯಾನು ಬರುವವರೆಗೆ ಅಲ್ಲೇ ಕೂತಿದ್ದ.

ರ‍್ಯಾಲಿಯನ್ನು ಉಪಾಧಿಕಾರಿ ಅಷ್ಟರಲ್ಲಿ ರದ್ದು ಮಾಡಿದ್ದರು. ನನ್ನ ಮೇಲೆ ನಿರ್ಲಕ್ಷ್ಯದ ಕೇಸಾಯಿತು. ಜಾಮೀನು ಪಡೆದೆ, ವರ್ಷಗಟ್ಟಲೆ ಅಲೆದೆ, ಕೊನೆಗೆ ಬಿಟ್ಟರು. ಕ್ರೀಡಾ ಸಂಸ್ಥೆಯ ಸಭೆಯಲ್ಲಿ ಎರಡು ಆಂಬುಲೆನ್ಸ್ ಇಲ್ಲದ, ತಿರುವಿನಲ್ಲಿ ಕಬ್ಬಿಣದ ತಡೆ ಇಲ್ಲದ ಸ್ಟೇಜು ನಡೆಯಕೂಡದು ಎಂದು ಠರಾವು ಮಾಡಿಸಿ ರಾಜೀನಾಮೆ ಕೊಟ್ಟೆ. ಕೊಲೆ ಕೇಸಿನಲ್ಲಿ ನಾನು ಮುಖ್ಯ ಸಾಕ್ಷಿ. ಕಂಪನಿಯ ಎಂ.ಡಿ. ಒಮ್ಮೆ ಕರೆದು ಬಾಗಿಲು ಹಾಕಿದರು.

"ಕೊಪ್ಪ, ಶೃಂಗೇರಿ, ಎನ್.ಆರ್.ಪುರ, ಮೂರೂ ನಮಗೆ ದೊಡ್ಡ ಮಾರುಕಟ್ಟೆ. ಅಲ್ಲಿನ ಜನರನ್ನು ಜೈಲಿಗೆ ಕಳಿಸಿ ಅಲ್ಲೇ ಟಿಲ್ಲರ್ ಮಾರೋಕಾಗುತ್ತಾ? ಧೂಳಿತ್ತು, ಸರಿಯಾಗಿ ಕಾಣಲಿಲ್ಲ ಅನ್ನಿ. ಸುಳ್ಳೂ ಅಲ್ಲವಲ್ಲ."

"ಧೂಳಿತ್ತು ಸರ್," ಎಂದೆ. "ನನಗೆ ಕಂಡಿತು."

ಚಿಕ್ಕಮಗಳೂರಿನ ಕೋರ್ಟಿನಲ್ಲಿ ಕಂಡದ್ದನ್ನೆಲ್ಲ ಹೇಳಿದೆ. ಗೂಟ, ಬೂಟು, ಸಲಾಕೆ, ಯಾರ ಕೈಯಲ್ಲಿ ಯಾವುದು. ಆರೋಪಿಗಳ ವಕೀಲರು ಕೇಳಿದರು, "ನಿಮ್ಮ ಜೀವ ಉಳಿಸಿದ್ದು ಇದೇ ವ್ಯಕ್ತಿ, ಅಲ್ಲವೇ?" ಹೌದು ಎಂದೆ. ಜೀಪು ಬಿಟ್ಟದ್ದು, ಬಾಗಿಲು ಕಾದದ್ದು, ಓಡಿಹೋಗದೆ ಕೂತದ್ದು, ಅದನ್ನೂ ಪೂರ್ತಿ ಹೇಳಿದೆ. "ಆದರೂ ಅವರ ವಿರುದ್ಧ ಸಾಕ್ಷಿ ಹೇಳುತ್ತೀರಾ?" ಎಂದರು. "ಎರಡನ್ನೂ ನೋಡಿದವಳು ನಾನು," ಎಂದೆ. ಕಟಕಟೆಯಲ್ಲಿ ಎತ್ತರದ ಆಳು ನೆಲ ನೋಡುತ್ತಿದ್ದ. ಹಿಂದಿನ ಬೆಂಚಿನಲ್ಲಿ ಬಾಳೆಹೊನ್ನೂರಿನ ಅಡಿಕೆ ವ್ಯಾಪಾರಿ ತೊಡೆಯ ಮೇಲೆ ಎರಡೂ ಕೈಯಿಟ್ಟು ಕೂತಿದ್ದರು. ಮೂವರಿಗೆ ಶಿಕ್ಷೆಯಾಯಿತು.

ತೀರ್ಪಿನ ದಿನ ಹೊರಗೆ ಬರುವಾಗ ಮೆಟ್ಟಿಲ ಬಳಿ ತಮ್ಮ ನಿಂತಿದ್ದ. ಎರಡು ಕಂಕುಳಗೋಲು, ಪ್ಯಾಂಟಿನ ಒಂದು ಕಾಲನ್ನು ಮಡಿಸಿ ಪಿನ್ನು ಹಾಕಿದ್ದ. ಅವನು ಬಯ್ಯುತ್ತಾನೆ ಎಂದುಕೊಂಡು ನಿಂತೆ. ದನಿ ಎತ್ತಲಿಲ್ಲ.

"ಆ ಹುಡುಗ ಹೋದ. ನನ್ ಕಾಲು ಹೋಯ್ತು. ಈಗ ಅಣ್ಣನೂ ಹೋದ," ಎಂದ. "ನಿಮ್ ತಪ್ಪು ಅಂತ ಹೇಳ್ತಿಲ್ಲ. ಒಂದು ಕೇಳ್ತೀನಿ. ನೀವೆಲ್ಲ ನಮ್ಮೂರಿಗೆ ಬಂದದ್ದಾದ್ರೂ ಎಂತಕ್ಕೆ?"

"ರ‍್ಯಾಲಿಗೆ," ಎಂದೆ.

"ಅದು ಗೊತ್ತು ಮಾರಾಯ್ರೆ," ಎಂದ.

ಮೆಟ್ಟಿಲು ಇಳಿಯಲು ಒಂದು ಕೋಲನ್ನು ಕೆಳಗಿಟ್ಟ. ಅದು ಸ್ವಲ್ಪ ಜಾರಿತು. ನಾನು ಕೈ ಚಾಚಿದೆ. ಬೇಡ ಎಂಬಂತೆ ತಲೆಯಾಡಿಸಿ, ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದು ಬಸ್ ಸ್ಟ್ಯಾಂಡಿನ ಕಡೆ ಹೋದ.